ಕೊಡಲಿ ಇಡುವ ಮೊದಲು ಕಾಗದ ನೋಡೋಣ

(ಮಂಗಳೂರಿನಲ್ಲಿ ನಡೆದ ಸ್ವಸಹಾಯ ಸಂಘಗಳ ಸದಸ್ಯೆಯರ ಮಾಹಿತಿ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)



ಉಳಿತಾಯ, ಸಾಲ, ಮರುಪಾವತಿ ಎಂದು ಪ್ರತಿ ತಿಂಗಳು ಮಾತಾಡುವ ನಾವು ಇವತ್ತು ಮರದ ವಿಷಯ ಎತ್ತಿಕೊಂಡದ್ದು ಯಾಕೆಂದು ನಿಮಗೆ ಆಶ್ಚರ್ಯ ಆಗಬಹುದು. "ಸಿಸ್ಟರ್, ಮರಕ್ಕೂ ಸಂಘಕ್ಕೂ ಎಂತ ಸಂಬಂಧ?" ಎಂದು ಈಗಲೇ ಒಬ್ಬರು ಹಿಂದಿನಿಂದ ಕೇಳಿದರು. ಸಂಬಂಧ ಉಂಟು. ನಮ್ಮ ಮನೆಗಳಲ್ಲಿ ಹಣದ ಅಡಚಣೆ ಬಂದಾಗ ಮೊದಲು ಕಣ್ಣಿಗೆ ಬೀಳುವುದು ಕಿವಿಯ ಬೆಂಡೋಲೆ. ಅದು ಅಡವಿಗೆ ಹೋದ ಮೇಲೆ ಕಣ್ಣು ಹೋಗುವುದು ಹಿತ್ತಿಲಿನ ದೊಡ್ಡ ಮರದ ಮೇಲೆ. ಮಗಳ ಫೀಸು, ಅತ್ತೆಯ ಆಪರೇಷನ್, ಮಾಡಿನ ಹಂಚು ಬದಲಾಯಿಸುವುದು ಹೀಗೆ ಎಲ್ಲದಕ್ಕೂ ಮರವೇ ಬ್ಯಾಂಕು. ಆದರೆ ಆ ಬ್ಯಾಂಕಿನ ಪಾಸ್‌ಬುಕ್ ನಮ್ಮ ಹೆಸರಿನಲ್ಲಿ ಉಂಟಾ ಎಂದು ನಾವು ನೋಡುವುದಿಲ್ಲ.

ಮೊದಲು ನಡೆದ ಒಂದು ವಿಷಯ ಹೇಳುತ್ತೇವೆ. ಹೆಸರು, ಊರು ಬೇಡ. ನಗರದ ಅಂಚಿನ ಒಂದು ಗ್ರಾಮ ಎಂದು ತಿಳಿಯಿರಿ. ನಮ್ಮ ಸಂಘದ ಒಬ್ಬ ಸದಸ್ಯೆ, ಗಂಡ ತೀರಿಹೋದವರು, ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತು. ಮನೆಯ ಹಿಂದೆ ಒಂದು ಹೆಬ್ಬಲಸು, ಅಗಳಿನ ಆಚೆ ಒಂದು ಬೀಟೆ ಮರ. ಮರದ ವ್ಯಾಪಾರಿಯೊಬ್ಬ ಬಂದು, "ಅಕ್ಕ, ಎರಡೂ ಮರಕ್ಕೆ ಒಳ್ಳೆ ರೇಟು ಕೊಡ್ತೇನೆ. ಪರ್ಮಿಶನ್, ಪಾಸ್ ಎಲ್ಲ ನಾನು ನೋಡಿಕೊಳ್ತೇನೆ. ನೀವು ಇಲ್ಲಿ ಒಂದು ಸೈನ್ ಹಾಕಿದರೆ ಸಾಕು" ಎಂದ. ಆಕೆ ನಮ್ಮ ಹತ್ತಿರ ಬಂದು ಕೇಳಿದರು. ನಾವು ಎಂತ ಹೇಳಿದೆವು ಗೊತ್ತುಂಟಾ? "ನಿಮ್ಮ ಹಿತ್ತಿಲು, ನಿಮ್ಮ ಮರ. ಮಗಳ ವಿದ್ಯಾಭ್ಯಾಸಕ್ಕಲ್ಲವೇ, ಮಾರಿ" ಎಂದೆವು. ಒಂದು ಕಾಗದವನ್ನೂ ನೋಡದೆ ಹೇಳಿದೆವು.

ಭಾನುವಾರ ಮರ ಕಡಿದರು. ಸೋಮವಾರ ಅರಣ್ಯ ಇಲಾಖೆಯವರು ಬಂದರು. ಅಗಳಿನ ಆಚೆಯ ಬೀಟೆ ಇದ್ದದ್ದು ಕುಮ್ಕಿ ಜಾಗದಲ್ಲಿ, ಅಂದರೆ ಸರ್ಕಾರದ ಜಾಗದಲ್ಲಿ. ಯಾವ ಅನುಮತಿಯೂ ತೆಗೆದಿರಲಿಲ್ಲ. ಮರದ ದಿಮ್ಮಿ, ಲಾರಿ ಎರಡೂ ಜಪ್ತಿ. ವ್ಯಾಪಾರಿಯ ಫೋನ್ ಸ್ವಿಚ್ ಆಫ್. ಕೈಯಲ್ಲಿ ಇದ್ದ ಒಂದೇ ಕಾಗದ ಒಪ್ಪಿಗೆ ಪತ್ರ. ಅದರಲ್ಲಿ ಇದ್ದ ಒಂದೇ ಸಹಿ ನಮ್ಮ ಸದಸ್ಯೆಯದ್ದು. ಇಷ್ಟು ಸಾಲದು ಎಂಬಂತೆ ಮುಂಬೈಯಲ್ಲಿರುವ ಮೈದುನ, "ಹೆಬ್ಬಲಸಿನಲ್ಲಿ ನನಗೂ ಪಾಲು ಉಂಟು" ಎಂದು ವಕೀಲರ ನೋಟೀಸು ಕಳುಹಿಸಿದರು. ಅವರು ಹೇಳಿದ್ದೂ ಸುಳ್ಳಲ್ಲ. ಜಾಗ ಇನ್ನೂ ಮಾವನ ಹೆಸರಿನಲ್ಲೇ ಇತ್ತು.

ಆಕೆ ನಮಗೆ ಒಂದು ಮಾತೂ ಬೈಯಲಿಲ್ಲ. ಅದೇ ನಮಗೆ ಹೆಚ್ಚು ನೋವು ಕೊಟ್ಟಿತು. ಆ ದಿನದಿಂದ ನಾವು ಕಲಿಯಲು ಹೊರಟೆವು. ಕಲಿತದ್ದನ್ನು ಇವತ್ತು ನಿಮ್ಮ ಮುಂದೆ ಇಡುತ್ತಿದ್ದೇವೆ.

ಎರಡು ಪ್ರಶ್ನೆ, ಒಂದಲ್ಲ

ಮರ ಕಡಿಯುವ ಮೊದಲು ಕೇಳಬೇಕಾದ ಪ್ರಶ್ನೆ ಎರಡು. ಒಂದು, ಈ ಜಾಗ ಯಾರದ್ದು? ಎರಡು, ಈ ಮರ ಕಡಿಯಲು ಕಾನೂನು ಬಿಡುತ್ತದಾ? ಜಾಗ ನಮ್ಮದಾದರೂ ಮರ ಕಡಿಯಲು ಅನುಮತಿ ಬೇಕಾಗಬಹುದು. ಅನುಮತಿ ಬೇಡದ ಮರವಾದರೂ ಜಾಗ ಬೇರೆಯವರದ್ದಾದರೆ ಅದು ಕಳ್ಳತನವೇ ಆಗುತ್ತದೆ. ಎರಡಕ್ಕೂ ಉತ್ತರ ಸಿಗದೆ ಕೊಡಲಿ ಮುಟ್ಟಬಾರದು. ಇವತ್ತಿನ ಇಡೀ ಮಾತಿನ ಸಾರ ಇಷ್ಟೇ.

ಜಾಗ ಯಾರದ್ದು?

"ನಾವು ಐವತ್ತು ವರ್ಷದಿಂದ ಇಲ್ಲೇ ಇದ್ದೇವೆ" ಎನ್ನುವುದು ಉತ್ತರ ಅಲ್ಲ. ನಮ್ಮ ದಕ್ಷಿಣ ಕನ್ನಡದಲ್ಲಿ ಜಾಗದ ವಿಧಗಳು ಹಲವು. ನಿಮ್ಮದು ಯಾವುದು ಎಂದು ಒಮ್ಮೆ ಯೋಚಿಸಿ.

ಒಂದು, ವರ್ಗ ಜಾಗ. ಇದು ಪಟ್ಟೆ ಇರುವ ಜಾಗ. ಇದರ ಆರ್.ಟಿ.ಸಿ.ಯಲ್ಲಿ, ಅಂದರೆ ಪಹಣಿಯಲ್ಲಿ, ಯಾರ ಹೆಸರು ಉಂಟು ನೋಡಬೇಕು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯಂತೆ ಆರ್.ಟಿ.ಸಿ.ಯಲ್ಲಿ ಇರುವುದನ್ನು, ತಪ್ಪೆಂದು ಸಾಬೀತಾಗುವ ತನಕ, ಸರಿ ಎಂದು ತಿಳಿಯುತ್ತಾರೆ. ಹಾಗೆಂದು ಆರ್.ಟಿ.ಸಿ. ಒಂದೇ ಹಕ್ಕುಪತ್ರ ಅಲ್ಲ. ಅದರ ಹಿಂದೆ ಕ್ರಯಪತ್ರ, ವಿಭಾಗಪತ್ರ, ಮಂಜೂರಾತಿ ಆದೇಶ ಏನಾದರೂ ಇರಬೇಕು.

ಎರಡು, ಕುಮ್ಕಿ. ಇದರಲ್ಲೇ ನಮ್ಮವರು ಹೆಚ್ಚು ಎಡವುವುದು. ಕದೀಂ ವರ್ಗದ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಜಾಗವನ್ನು ಕುಮ್ಕಿ ಎನ್ನುತ್ತಾರೆ. ಅಲ್ಲಿ ಸೊಪ್ಪು, ತರಗೆಲೆ, ಮನೆಬಳಕೆಯ ಕಟ್ಟಿಗೆ ತರುವುದಕ್ಕೆ, ದನ ಮೇಯಿಸುವುದಕ್ಕೆ ವರ್ಗದಾರರಿಗೆ ಸವಲತ್ತು ಉಂಟು. ಭೂಕಂದಾಯ ಕಾಯಿದೆಯ 79ನೇ ಕಲಂ ಈ ಸವಲತ್ತುಗಳನ್ನು ಉಳಿಸಿಕೊಂಡಿದೆ. ಆದರೆ ಸವಲತ್ತು ಬೇರೆ, ಮಾಲಕತ್ವ ಬೇರೆ. ಸೊಪ್ಪು ತರುವ ಹಕ್ಕು ಇದ್ದವರಿಗೆ ಮರ ಮಾರುವ ಹಕ್ಕು ಇಲ್ಲ. ಅಜ್ಜನ ಕಾಲದಿಂದ ಬೇಲಿ ಹಾಕಿಕೊಂಡಿದ್ದರೂ ಕುಮ್ಕಿ ಸರ್ಕಾರದ ಜಾಗವೇ.

ಮೂರು, ಡಿಕ್ಲರೇಶನ್ ಆದ ಜಾಗ. 1974ರ ಭೂಸುಧಾರಣೆಯ ನಂತರ ನಮ್ಮ ಜಿಲ್ಲೆಯಲ್ಲಿ ಸಾವಿರಾರು ಗೇಣಿ ಒಕ್ಕಲುಗಳಿಗೆ ಜಾಗ ಸಿಕ್ಕಿತು. ಆದೇಶ ಬಂದದ್ದು ಅಪ್ಪನ ಹೆಸರಿಗೋ ಅಜ್ಜಿಯ ಹೆಸರಿಗೋ ಇರಬಹುದು. ಆದರೆ ಅದು ಕುಟುಂಬದ ಪರವಾಗಿ ಬಂದ ಹಕ್ಕಾಗಿರಬಹುದು. ಆದೇಶವನ್ನು ತೆಗೆದು ಓದಿ. ಓದಲು ಆಗದಿದ್ದರೆ ಓದಿಸಿ.

ನಾಲ್ಕು, ದರ್ಖಾಸ್ತು, ಅಕ್ರಮ-ಸಕ್ರಮ, 94ಸಿ, 94ಸಿಸಿ. ಅರ್ಜಿ ಹಾಕಿದ ಕೂಡಲೇ ಜಾಗ ನಮ್ಮದಾಗುವುದಿಲ್ಲ. ಅರ್ಜಿಯ ರಶೀದಿ ಹಕ್ಕುಪತ್ರ ಅಲ್ಲ. ಮಂಜೂರಾದರೂ ಮಂಜೂರಾತಿ ಆದೇಶದ ಷರತ್ತುಗಳಲ್ಲಿ ಮರಗಳ ಬಗ್ಗೆ ಎಂತ ಬರೆದಿದ್ದಾರೆ ಎಂದು ನೋಡಬೇಕು. ಅರ್ಜಿ ಬಾಕಿ ಇರುವಾಗ ಮರ ಕಡಿದರೆ ಇದ್ದ ಅರ್ಜಿಗೂ ಕುತ್ತು ಬರಬಹುದು.

ಐದು, ಮೂಲಗೇಣಿ. ಇದು ಮಂಗಳೂರು ಪೇಟೆಯ ಹಳೇ ತಲೆನೋವು. ತಲೆಮಾರುಗಳಿಂದ ಮನೆ ಕಟ್ಟಿ ಕುಳಿತವರು ಒಬ್ಬರು, ಧಣಿಗಳು ಇನ್ನೊಬ್ಬರು. ಮೂಲಗೇಣಿದಾರರಿಗೆ ಮಾಲಕತ್ವ ಕೊಡುವ ಕಾಯಿದೆಯನ್ನು ಸರ್ಕಾರ 2011ರಲ್ಲಿ ತಂದಿತು. ಅದನ್ನು ಪ್ರಶ್ನಿಸಿ ಧಣಿಗಳು ಕೋರ್ಟಿಗೆ ಹೋದರು. ನಿಮ್ಮ ಜಾಗ ಮೂಲಗೇಣಿಯದ್ದಾದರೆ, ಗೇಣಿ ಚೀಟಿಯಲ್ಲಿ ಮರಗಳ ಬಗ್ಗೆ ಎಂತ ಬರೆದಿದೆ ಎಂದು ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ.

ಆರು, ಪಾಲಾಗದ ಕುಟುಂಬದ ಜಾಗ. ನಮ್ಮ ಸದಸ್ಯೆಯ ವಿಷಯದಲ್ಲಿ ಆದದ್ದು ಇದೇ. ಮಾವ ತೀರಿಕೊಂಡಿದ್ದಾರೆ, ಗಂಡ ತೀರಿಕೊಂಡಿದ್ದಾರೆ, ಆರ್.ಟಿ.ಸಿ.ಯಲ್ಲಿ ಮಾವನ ಹೆಸರೇ ಉಳಿದಿದೆ. ಆಗ ಎಲ್ಲ ವಾರಸುದಾರರಿಗೂ ಹಕ್ಕು ಉಂಟು. ಕ್ರೈಸ್ತ ಕುಟುಂಬದಲ್ಲಿ ವಿಲ್ ಇಲ್ಲದೆ ಗಂಡ ತೀರಿಕೊಂಡರೆ, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಹೆಂಡತಿಗೆ ಮೂರನೇ ಒಂದು ಪಾಲು, ಉಳಿದದ್ದು ಗಂಡು-ಹೆಣ್ಣು ಎಂಬ ಭೇದವಿಲ್ಲದೆ ಮಕ್ಕಳಿಗೆ ಸಮಪಾಲು. ಹಿಂದೂ ಕುಟುಂಬಗಳಲ್ಲಿ 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಷ್ಟೇ ಹಕ್ಕು. ಮುಸ್ಲಿಂ ಕುಟುಂಬಗಳಲ್ಲಿ ಹೆಂಡತಿಗೂ ಮಗಳಿಗೂ ನಿಗದಿತ ಪಾಲು ಉಂಟು. ಇದನ್ನು ಎರಡು ಕಡೆಯಿಂದಲೂ ನೆನಪಿಡಿ. ನಿಮ್ಮನ್ನು ಕೇಳದೆ ಅಣ್ಣತಮ್ಮಂದಿರು ಮರ ಮಾರಿದರೆ ನೀವು ಪ್ರಶ್ನಿಸಬಹುದು. ನಾದಿನಿಯನ್ನು ಕೇಳದೆ ನೀವು ಮಾರಿದರೆ ಆಕೆಯೂ ಪ್ರಶ್ನಿಸಬಹುದು.

ಇನ್ನು ಗಡಿಯಲ್ಲಿರುವ ಮರ. ಅಗಳು ಒಂದು ಕಡೆ, ಬೇಲಿ ಇನ್ನೊಂದು ಕಡೆ, ನಕ್ಷೆಯ ಗೆರೆ ಮತ್ತೊಂದು ಕಡೆ ಇರುವುದು ನಮ್ಮಲ್ಲಿ ಸಾಮಾನ್ಯ. ಕಣ್ಣಳತೆ ನಂಬಬೇಡಿ. ಹದ್ದುಬಸ್ತಿಗೆ ಅರ್ಜಿ ಕೊಟ್ಟರೆ ಸರ್ಕಾರಿ ಸರ್ವೆಯರ್ ಬಂದು ಅಳೆದು ಗಡಿ ಗುರುತಿಸುತ್ತಾರೆ. ರಸ್ತೆ ಬದಿಯ ಮರ ನಮ್ಮ ಗೇಟಿನ ಎದುರು ಇದ್ದ ಮಾತ್ರಕ್ಕೆ ನಮ್ಮದಾಗುವುದಿಲ್ಲ, ನಾವೇ ನೀರು ಹಾಕಿ ಬೆಳೆಸಿದ್ದರೂ ಅಷ್ಟೇ.

ಮರ ಕಡಿಯಲು ಕಾನೂನು ಬಿಡುತ್ತದಾ?

ಈಗ ಎರಡನೇ ಪ್ರಶ್ನೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆ ಎಂದು ಒಂದು ಉಂಟು. ಇದರ ಪ್ರಕಾರ ಸ್ವಂತ ಜಾಗದ ಮರ ಕಡಿಯಲೂ ವೃಕ್ಷ ಅಧಿಕಾರಿಯ ಅನುಮತಿ ಬೇಕು. ವೃಕ್ಷ ಅಧಿಕಾರಿ ಎಂದರೆ ಈ ಕೆಲಸಕ್ಕೆ ನೇಮಕವಾದ ಅರಣ್ಯ ಇಲಾಖೆಯ ಅಧಿಕಾರಿ. ಬುಡಕ್ಕೆ ಬೆಂಕಿ ಹಾಕುವುದು, ತೊಗಟೆ ಸುಲಿದು ಒಣಗಿಸುವುದು ಇವೂ ಕಡಿದ ಲೆಕ್ಕವೇ. "ತಾನಾಗಿ ಸತ್ತಿತು" ಎಂದು ಹೇಳಿ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ತೆಂಗು, ಗಾಳಿಮರ, ರಬ್ಬರ್, ನೀಲಗಿರಿ, ಸಿಲ್ವರ್ ಓಕ್, ಗ್ಲಿರಿಸಿಡಿಯ ಮುಂತಾದ ಕೆಲವು ಜಾತಿಗಳಿಗೆ ಈ ಕಾಯಿದೆ ವಿನಾಯಿತಿ ಕೊಟ್ಟಿದೆ. ಈ ಪಟ್ಟಿಗೆ ಕಾಲಕಾಲಕ್ಕೆ ಹೊಸ ಹೆಸರುಗಳು ಸೇರಿವೆ. ಆದ್ದರಿಂದ ನಿಮ್ಮ ಮರ ಪಟ್ಟಿಯಲ್ಲಿ ಉಂಟಾ ಎಂದು ವಲಯ ಅರಣ್ಯಾಧಿಕಾರಿಯ ಕಚೇರಿಯಲ್ಲೇ ಕೇಳಿ. ನೆರೆಮನೆಯವರನ್ನೂ ವ್ಯಾಪಾರಿಯನ್ನೂ ಕೇಳಿ ತೀರ್ಮಾನ ಮಾಡಬೇಡಿ.

ಬೀಟೆ, ತೇಗ, ಶ್ರೀಗಂಧ ಇಂಥ ಬೆಲೆಬಾಳುವ ಮರಗಳ ವಿಷಯದಲ್ಲಿ ಇನ್ನೂ ಹೆಚ್ಚು ಎಚ್ಚರ ಬೇಕು. ಶ್ರೀಗಂಧ ಒಂದು ಕಾಲದಲ್ಲಿ ಯಾರ ಜಾಗದಲ್ಲಿ ಹುಟ್ಟಿದರೂ ಸರ್ಕಾರದ್ದೇ ಆಗಿತ್ತು. 2001ರಲ್ಲಿ ಕರ್ನಾಟಕ ಅರಣ್ಯ ಕಾಯಿದೆಗೆ ತಿದ್ದುಪಡಿ ಬಂದ ಮೇಲೆ ಜಾಗದವರಿಗೇ ಅದರ ಹಕ್ಕು ಸಿಕ್ಕಿತು. ಹಾಗೆಂದು ರಾತ್ರಿ ಬಂದವನಿಗೆ ಕಡಿದು ಕೊಡುವಂತಿಲ್ಲ. ಅದಕ್ಕೂ ಇಲಾಖೆಯ ದಾರಿಯಲ್ಲೇ ಹೋಗಬೇಕು. ಇಲ್ಲೂ ನೋಡಿ, ಹಕ್ಕು ಸಿಕ್ಕಿದ್ದು ಜಾಗದವರಿಗೆ. ಜಾಗ ಯಾರದ್ದೆಂದು ಗೊತ್ತಿಲ್ಲದಿದ್ದರೆ ಮರದ ಹಕ್ಕೂ ತೂಗಾಡುತ್ತದೆ.

ಇನ್ನೊಂದು ವಿಷಯ. ಕೆಲವು ಜಾಗ ದಾಖಲೆಯಲ್ಲಿ ಕಾಡು ಎಂದು ಇರುವುದಿಲ್ಲ, ಆದರೆ ಕಾಡಿನಂತೆಯೇ ಇರುತ್ತದೆ. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಮಾಲಕರು ಯಾರೇ ಇರಲಿ, ಕಾಡು ಎಂಬ ಮಾತಿಗೆ ನಿಘಂಟಿನಲ್ಲಿ ಇರುವ ಅರ್ಥವೇ ಅನ್ವಯ ಎಂದಿತು. ಅದರಿಂದಲೇ ಪರಿಭಾವಿತ ಅರಣ್ಯ, ಅಂದರೆ 'ಡೀಮ್ಡ್ ಫಾರೆಸ್ಟ್' ಎಂಬ ಹೆಸರು ನಮ್ಮ ಹಳ್ಳಿಗಳಿಗೂ ಬಂತು. 2022ರಲ್ಲಿ ಕರ್ನಾಟಕ ಸರ್ಕಾರ ಸುಮಾರು 3.30 ಲಕ್ಷ ಹೆಕ್ಟೇರನ್ನು ಹೀಗೆ ಗುರುತಿಸಿತು. ನಿಮ್ಮ ಸರ್ವೆ ನಂಬರ್ ಅದರಲ್ಲಿ ಉಂಟಾ ಎಂದು ತಾಲೂಕು ಕಚೇರಿಯಲ್ಲೋ ಅರಣ್ಯ ಇಲಾಖೆಯಲ್ಲೋ ಕೇಳಿ ತಿಳಿದುಕೊಳ್ಳಬೇಕು.

ಹಾಗಾದರೆ ಮರ ಕಡಿಯಲೇಬಾರದೇ?

ಹಾಗಲ್ಲ. ಮರ ಸತ್ತಿದ್ದರೆ, ರೋಗ ಬಂದಿದ್ದರೆ, ಗಾಳಿಗೆ ಬಿದ್ದಿದ್ದರೆ, ಪ್ರಾಣಕ್ಕೋ ಮನೆಗೋ ಅಪಾಯ ಇದ್ದರೆ ಅನುಮತಿ ನಿರಾಕರಿಸಬಾರದು ಎಂದು ಅದೇ ಕಾಯಿದೆ ಹೇಳುತ್ತದೆ. ಹಳ್ಳಿಯಲ್ಲಿ ಮನೆಯ ಕಟ್ಟಿಗೆಗೆ, ಬೇಸಾಯದ ಉಪಕರಣಕ್ಕೆ ನಿಜವಾಗಿ ಬೇಕಿದ್ದರೂ ಹಾಗೆಯೇ. ಅಂದರೆ ಕಾನೂನು ಬಡವರ ವೈರಿ ಅಲ್ಲ. ಕೇಳಿ ಮಾಡಿ ಎನ್ನುತ್ತದೆ, ಅಷ್ಟೇ. ಕಡಿದ ಮರದ ಬದಲಿಗೆ ಗಿಡ ನೆಡುವ ಹೊಣೆಯೂ ಅದರ ಜೊತೆ ಬರುತ್ತದೆ. ನಗರದಲ್ಲಿ 50ಕ್ಕಿಂತ ಹೆಚ್ಚು ಮರ ಕಡಿಯುವುದಾದರೆ ಸಾರ್ವಜನಿಕರ ಆಕ್ಷೇಪಣೆ ಕೇಳಬೇಕು. ನಿಮ್ಮ ವಾರ್ಡಿನಲ್ಲಿ ಅಂಥ ನೋಟೀಸು ಕಂಡರೆ ನೀವೂ ಅಭಿಪ್ರಾಯ ಬರೆದು ಕೊಡಬಹುದು.

ಮಳೆಗಾಲದಲ್ಲಿ ಮಾಡಿನ ಮೇಲೆ ಬಾಗಿದ ಮರ ಇದ್ದರೆ ಮೇ ತಿಂಗಳ ತನಕ ಕಾಯಬೇಡಿ. ಮೊದಲೇ ಅರ್ಜಿ ಕೊಡಿ. ಫೋಟೋ ತೆಗೆದು ಇಟ್ಟುಕೊಳ್ಳಿ. ಕರೆಂಟ್ ತಂತಿಗೆ ತಾಗುವ ಕೊಂಬೆಯಾದರೆ ಮೆಸ್ಕಾಂಗೆ ತಿಳಿಸಿ, ನೀವೇ ಕತ್ತಿ ಹಿಡಿದು ಹತ್ತಬೇಡಿ. ನೆರೆಮನೆಯ ಮರ ನಿಮ್ಮ ಮನೆಗೆ ಅಪಾಯವಾದರೆ ಜಗಳಕ್ಕೆ ನಿಲ್ಲುವ ಬದಲು ಲಿಖಿತವಾಗಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ.

ಸಹಿ ನಮ್ಮದು, ಲಾಭ ಯಾರದ್ದು?

ನೆರೆಯ ಕೇರಳದ ವಯನಾಡಿನಲ್ಲಿ ಮುಟ್ಟಿಲ್ ಎಂಬ ಊರು ಉಂಟು. 2020ರ ಅಕ್ಟೋಬರಿನಲ್ಲಿ ಅಲ್ಲಿನ ಕಂದಾಯ ಇಲಾಖೆ, ಪಟ್ಟೆ ಜಾಗದಲ್ಲಿ ರೈತರು ಬೆಳೆಸಿದ ಮರಗಳ ಬಗ್ಗೆ ಒಂದು ಆದೇಶ ಹೊರಡಿಸಿತು. ಅದನ್ನೇ ತೋರಿಸಿ ಮರದ ವ್ಯಾಪಾರಿಗಳು ಮನೆಮನೆಗೆ ಬಂದು, ಸರ್ಕಾರಕ್ಕೆ ಮೀಸಲಾಗಿದ್ದ ಬಹಳ ಹಳೆಯ ಬೀಟೆ ಮರಗಳನ್ನು ಕಡಿಸಿದರು. 2021ರ ಫೆಬ್ರವರಿಯಲ್ಲಿ ಆದೇಶ ರದ್ದಾಯಿತು. ಪ್ರಕರಣಗಳು ದಾಖಲಾದಾಗ ವ್ಯಾಪಾರಿಗಳ ಜೊತೆ ಸಣ್ಣ ಹಿಡುವಳಿದಾರರೂ ಬುಡಕಟ್ಟಿನ ರೈತರೂ ಸಿಕ್ಕಿಬಿದ್ದರು. ಎಲ್ಲ ಅನುಮತಿಯೂ ಉಂಟು ಎಂಬ ಮಾತು ನಂಬಿ ಮರ ಕೊಟ್ಟವರು ಅವರು. ನಮ್ಮ ಸದಸ್ಯೆಗೆ ಆದದ್ದೂ ಇದೇ ಅಲ್ಲವೇ?

ಉತ್ತರ ಪ್ರದೇಶದ ಮಥುರಾ-ವೃಂದಾವನದ ಕಡೆ 2024ರ ಸೆಪ್ಟೆಂಬರಿನಲ್ಲಿ ಒಂದೇ ರಾತ್ರಿ 454 ಮರ ಕಡಿದರು. ಹೆಚ್ಚಿನವು ಖಾಸಗಿ ಜಾಗದಲ್ಲೇ ಇದ್ದವು. 2025ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಮರವೊಂದಕ್ಕೆ 1 ಲಕ್ಷ ರೂಪಾಯಿಯಂತೆ ದಂಡವನ್ನು ಒಪ್ಪಿತು. ಅದು ತಾಜ್‌ಮಹಲ್ ಸುತ್ತಲಿನ ವಿಶೇಷ ರಕ್ಷಣೆಯ ಪ್ರದೇಶ, ನಮಗೆ ನೇರ ಅನ್ವಯಿಸುವುದಿಲ್ಲ. ಆದರೆ "ನನ್ನ ಜಾಗ, ನನ್ನ ಮರ" ಎಂಬ ಮಾತು ಕೋರ್ಟಿನಲ್ಲಿ ಎಷ್ಟು ದೂರ ನಡೆಯುತ್ತದೆ ಎಂದು ಅದರಿಂದ ತಿಳಿಯಬಹುದು.

ಒಂದೊಂದಾಗಿ ಏನು ಮಾಡಬೇಕು?

1. ಮೊದಲು ಆರ್.ಟಿ.ಸಿ. ತೆಗೆಯಿರಿ. ನಗರದೊಳಗಿನ ಜಾಗವಾದರೆ ಖಾತೆ, ಪ್ರಾಪರ್ಟಿ ಕಾರ್ಡ್ ಇದ್ದರೆ ಅದನ್ನೂ ನೋಡಿ. ಮೂಲಪತ್ರ, ಇ.ಸಿ., ನಕ್ಷೆ ಜೊತೆಗಿರಲಿ.

2. ಮರ ನಿಂತ ಜಾಗ ಯಾವ ಸರ್ವೆ ನಂಬರಿನೊಳಗೆ ಬರುತ್ತದೆ ಎಂದು ಗ್ರಾಮ ಆಡಳಿತ ಅಧಿಕಾರಿಯನ್ನು ಕೇಳಿ. ಸಂಶಯ ಇದ್ದರೆ ಅಳತೆ ಮಾಡಿಸಿ.

3. ಹೆಸರು ತೀರಿಹೋದವರದ್ದಾದರೆ ಪೌತಿ ಖಾತೆ ಮಾಡಿಸಿಕೊಳ್ಳಿ. ಎಲ್ಲ ಪಾಲುದಾರರ ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಗಲ್ಫ್‌ನಲ್ಲಿರುವವರಿಂದಲೂ ಬೇಕು.

4. ಜಾಗದ ಬಗ್ಗೆ ಕೋರ್ಟಿನಲ್ಲಿ ದಾವೆ ಇದ್ದರೆ, ತಡೆಯಾಜ್ಞೆ ಇದ್ದರೆ, ತೀರ್ಮಾನ ಆಗುವ ತನಕ ಒಂದು ಕೊಂಬೆಯನ್ನೂ ಮುಟ್ಟಬೇಡಿ.

5. ಮರದ ಜಾತಿ, ಸಂಖ್ಯೆ, ಸುತ್ತಳತೆ, ಕಡಿಯಲು ಕಾರಣ ಬರೆದು, ಜಾಗದ ದಾಖಲೆಯೊಂದಿಗೆ ಅರಣ್ಯ ಇಲಾಖೆಗೆ ಅರ್ಜಿ ಕೊಡಿ. ಸ್ವೀಕೃತಿ ಪಡೆಯಲು ಮರೆಯಬೇಡಿ.

6. ಅನುಮತಿ ಪತ್ರ ನಿಮ್ಮ ಕೈಗೆ ಬಂದ ಮೇಲೆ ಮಾತ್ರ ಕಡಿಸಿ. "ಬರ್ತದೆ, ನಾಳೆ ಬರ್ತದೆ" ಎನ್ನುವ ಮಾತಿಗೆ ಬೆಲೆ ಇಲ್ಲ. ಮರ ಸಾಗಿಸಲು ಬೇರೆ ಪಾಸ್ ಬೇಕಾಗುತ್ತದೆ. ಕಡಿಯುವ ಅನುಮತಿ ಸಾಗಿಸುವ ಅನುಮತಿ ಅಲ್ಲ.

7. ಖಾಲಿ ಕಾಗದಕ್ಕೆ, ಓದದ ಕಾಗದಕ್ಕೆ ಸಹಿಯನ್ನೂ ಹೆಬ್ಬೆಟ್ಟನ್ನೂ ಹಾಕಬೇಡಿ. ವ್ಯಾಪಾರಿಯೊಂದಿಗೆ ಕರಾರು ಬರಹದಲ್ಲಿ ಇರಲಿ, ಅದರಲ್ಲಿ ಅವನ ಸಹಿಯೂ ಇರಲಿ. ಒಂದು ಪ್ರತಿ ನಿಮ್ಮ ಪೆಟ್ಟಿಗೆಯಲ್ಲಿ ಇರಲಿ.

ಇಷ್ಟೆಲ್ಲ ಓಡಾಡಲು ವಕೀಲರಿಗೆ ಕೊಡುವ ಹಣ ಎಲ್ಲಿಂದ ಎನ್ನಬಹುದು. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಸಿಗುತ್ತದೆ. ಮಂಗಳೂರಿನ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ. 15100 ಸಂಖ್ಯೆಗೆ ಫೋನ್ ಮಾಡಿಯೂ ಕೇಳಬಹುದು. ಕಚೇರಿಯಲ್ಲಿ ದಾಖಲೆ ಕೊಡದೆ ಅಲೆದಾಡಿಸಿದರೆ 2005ರ ಮಾಹಿತಿ ಹಕ್ಕು ಕಾಯಿದೆಯಲ್ಲಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಒಬ್ಬರೇ ಹೋಗಲು ಹೆದರಿಕೆ ಆದರೆ ಸಂಘದಿಂದ ಇಬ್ಬರು ಜೊತೆಗೆ ಹೋಗಿ. ಕಚೇರಿಯ ಮೆಟ್ಟಿಲು ಇಬ್ಬರಿಗೆ ಅಷ್ಟು ಎತ್ತರ ಕಾಣುವುದಿಲ್ಲ.

ಕೊನೆಯ ಮಾತು

ಆ ಸದಸ್ಯೆಯ ಮಗಳ ಓದು ಎಂತ ಆಯಿತು ಎಂದು ನೀವು ಕೇಳುತ್ತೀರಿ. ಓದು ನಿಲ್ಲಲಿಲ್ಲ. ಸಂಘದವರೆಲ್ಲ ಕುಳಿತು ತೀರ್ಮಾನ ಮಾಡಿ ಫೀಸಿಗೆ ಸಾಲ ಕೊಟ್ಟರು. ಆಕೆ ಕಂತು ತಪ್ಪಿಸದೆ ಕಟ್ಟಿದರು. ಆ ಕಂತಿನ ಜೊತೆಗೆ ಕೋರ್ಟಿಗೆ ಹೋಗುವ ಬಸ್ ಚಾರ್ಜೂ ಬೀಡಿಯ ಮಜೂರಿಯಿಂದಲೇ ಹೋಗುತ್ತಿತ್ತು. ವಿಚಾರಣೆಯ ದಿನ ಕೆಲಸವೂ ಇಲ್ಲ, ಮಜೂರಿಯೂ ಇಲ್ಲ. ಹೀಗೆ ಕೆಲವು ವರ್ಷ ನಡೆಯಿತು. ಮೈದುನನ ಮನೆಯೊಂದಿಗೆ ನಿಂತುಹೋದ ಮಾತುಕತೆ ಮಗಳ ಮದುವೆಯ ಹೊತ್ತಿಗೆ ಸ್ವಲ್ಪ ಸರಿಯಾಯಿತು, ಪೂರ್ತಿ ಅಲ್ಲ.

ನಮ್ಮನ್ನು ಇಂದಿಗೂ ಕಾಡುವ ವಿಷಯ ಒಂದು ಉಂಟು. ಸಂಘ ಕೊಟ್ಟ ಆ ಸಾಲವನ್ನು ಮೊದಲ ತಿಂಗಳಲ್ಲೇ ಕೊಡಬಹುದಿತ್ತು. ಹಣ ಪೆಟ್ಟಿಗೆಯಲ್ಲಿ ಇತ್ತು. ಆಕೆ ಸಂಕೋಚದಿಂದ ಕೇಳಲಿಲ್ಲ. ಮರ ಮಾರುವ ಮಾತು ಬಂದಾಗ "ನಿಮಗೆ ಎಷ್ಟು ಹಣ ಬೇಕು, ಯಾವಾಗ ಬೇಕು?" ಎಂದು ನಾವೂ ಕೇಳಲಿಲ್ಲ.

ಆದ್ದರಿಂದ ಸಹೋದರಿಯರೇ, ನಿಮ್ಮ ಸಂಘದಲ್ಲಿ ಯಾರಾದರೂ ಮರ ಮಾರುವ ಮಾತು ತೆಗೆದರೆ ಮೊದಲು ಅವರ ಅಡಚಣೆ ಎಂತದ್ದು ಎಂದು ಕೇಳಿ. ಆ ಮೇಲೆ ಕಾಗದ ತರಲು ಹೇಳಿ. ಮುಂದಿನ ಸಭೆಗೆ ಬರುವಾಗ ನೀವೆಲ್ಲರೂ ನಿಮ್ಮ ಮನೆಯ ಆರ್.ಟಿ.ಸಿ.ಯ ಒಂದು ಪ್ರತಿ ತನ್ನಿ. ಅದರಲ್ಲಿ ಯಾರ ಹೆಸರು ಉಂಟು, ಯಾರ ಹೆಸರು ಇರಬೇಕಿತ್ತು ಎಂದು ಒಟ್ಟಿಗೆ ಕುಳಿತು ಓದೋಣ. ಮರ ಇವತ್ತೇ ಕಡಿಯಬೇಕೆಂದು ಇಲ್ಲ. ಅದು ಇಷ್ಟು ವರ್ಷ ನಿಂತಿದೆ, ನಾವು ಕಾಗದ ಓದಿ ಮುಗಿಸುವ ತನಕ ನಿಲ್ಲುತ್ತದೆ.